ನಿಂತಲ್ಲೇ ತುಳಿದ ಕಿಲೋಮೀಟರು ಯಾವ ಲೆಕ್ಕಕ್ಕೆ?

ಪ್ರಶ್ನೆ: ನನಗೆ 46 ವರ್ಷ, ಊರು ಶಿವಮೊಗ್ಗ. ಈ ವರ್ಷ 6,000 ಕಿ.ಮೀ. ಸೈಕಲ್ ತುಳಿಯಬೇಕೆಂದು ಜನವರಿಯಲ್ಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೆ. ಡಿಸೆಂಬರ್ ಮೊದಲ ವಾರಕ್ಕೆ ರಸ್ತೆಯಲ್ಲಿ 4,310 ಆಗಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮನೆಯೊಳಗೆ ಟ್ರೈನರ್ ಮೇಲೆ, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯುವಂತೆ ಹಿಡಿದಿಡುವ ಯಂತ್ರದ ಮೇಲೆ, 1,920 ತುಳಿದೆ. ಎರಡೂ ಸೇರಿ 6,230. ಗುರಿ ಮುಟ್ಟಿತೆಂದು ನಮ್ಮ ಸೈಕಲ್ ಬಳಗದ ವಾಟ್ಸ್ಆಪ್ ಗುಂಪಿನಲ್ಲಿ ಹಾಕಿದೆ. ಒಬ್ಬರು, "ಮೇಡಂ, ಅದು ಮಿಕ್ಸಿ ತಿರುಗಿದ ಹಾಗೆ. ಮಿಕ್ಸಿ ಎಷ್ಟು ಕಿಲೋಮೀಟರ್ ಹೋಯ್ತು ಅಂತ ಯಾರಾದ್ರೂ ಬರೆದಿಡ್ತಾರಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮಾತು ಚುಚ್ಚಿತು. ಮೊದಲು ನನ್ನ ಹತ್ತಿರ ಇದ್ದದ್ದು ಹಿಂದಿನ ಚಕ್ರವನ್ನು ಉರುಳೆಗೆ ಒತ್ತಿ ನಿಲ್ಲಿಸುವ ಹಳೇ ಟ್ರೈನರ್. 1,100 ಕಿ.ಮೀ. ಅದರಲ್ಲಿ, ಸರಾಸರಿ ವೇಗ 31. ಆಗಸ್ಟ್ ಕೊನೆಗೆ ಚಕ್ರ ಬಿಚ್ಚಿ ಕೂರಿಸುವ ಸ್ಮಾರ್ಟ್ ಟ್ರೈನರ್ ಬಂತು. ಅದರಲ್ಲಿ 820, ಸರಾಸರಿ 27, ಶಕ್ತಿ ಸರಾಸರಿ 112 ವಾಟ್ ತೋರಿಸುತ್ತದೆ. ರಸ್ತೆಯಲ್ಲಿ ನನ್ನ ಸರಾಸರಿ 21. ಸೇರಿಸಬಹುದೇ, ಬಾರದೇ? ಸುತ್ತಿ ಬಳಸದೆ ಹೇಳಿ ಸರ್.

ಉತ್ತರ: 1,920 ಎಂಬ ಅಂಕಿಯನ್ನು ಹಾಗೇ ತಂದು 4,310ಕ್ಕೆ ಕೂಡಿಸಬೇಡಿ. ಮಿಕ್ಸಿಯ ಮಾತನ್ನೂ ಒಪ್ಪಬೇಡಿ. ಮಿಕ್ಸಿ ತಿರುಗುವುದು ಮೆಸ್ಕಾಂ ಕರೆಂಟಿನಿಂದ, ನಿಮ್ಮ ಟ್ರೈನರ್ ತಿರುಗಿದ್ದು ನೀವು ಉಂಡ ಅನ್ನದಿಂದ. ಆ ಶ್ರಮಕ್ಕೆ ಲೆಕ್ಕ ಇದೆ, ಆದರೆ ಅದನ್ನು ಕಿಲೋಮೀಟರಿನಲ್ಲಿ ಅಳೆಯಲು ಹೊರಟಾಗ ಎಡವಟ್ಟಾಗುತ್ತದೆ.

ಈ ಜಗಳದಲ್ಲಿ ಎಲ್ಲರೂ ಮೊದಲು ಹಿಡಿಯುವುದು "ಮನೆಯೊಳಗೆ" ಎಂಬ ಪದವನ್ನು. ಅದು ವಿಷಯವೇ ಅಲ್ಲ. 2022ರ ಅಕ್ಟೋಬರ್‌ನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ ಒಂದು ಗಂಟೆಯಲ್ಲಿ 56.792 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದ್ದು ಸ್ವಿಟ್ಜರ್ಲೆಂಡಿನ ಗ್ರೆನ್ಹೆನ್ ಊರಿನ ವೆಲೋಡ್ರೋಮ್‌ನಲ್ಲಿ, ಸೂರಿನ ಕೆಳಗೆ, ಮರದ ಹಲಗೆಯ ಟ್ರ್ಯಾಕಿನ ಮೇಲೆ. ನಮ್ಮ ದೆಹಲಿಯಲ್ಲೂ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ ಅಂಥ ಒಳಾಂಗಣ ಟ್ರ್ಯಾಕ್ ಇದೆ. ಅಲ್ಲಿ 250 ಮೀಟರಿನ ಸುತ್ತನ್ನು ನಾಲ್ಕು ಸಲ ಹಾಕಿದರೆ ಒಂದು ಕಿಲೋಮೀಟರ್. ತಲೆಯ ಮೇಲೆ ಸೂರಿದೆ ಎಂದು ಅದನ್ನು ಯಾರೂ ಕಳೆಯುವುದಿಲ್ಲ. ಬದಲಿಗೆ ನೀವು ಟ್ರೈನರನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಹಲಸಿನ ಮರದ ಕೆಳಗಿಟ್ಟು ತುಳಿಯಿರಿ. ಗಾಳಿ, ಬೆಳಕು, ಹಕ್ಕಿ ಎಲ್ಲ ಸಿಗುತ್ತದೆ, ಕಿಲೋಮೀಟರ್ ಮಾತ್ರ ಸಿಗುವುದಿಲ್ಲ.

ಹಾಗಾದರೆ "ಎಲ್ಲಿಗೂ ಹೋಗಲಿಲ್ಲ" ಎಂಬುದು ದೋಷವೇ? ಅದನ್ನೂ ಹುಷಾರಾಗಿ ಹೇಳಬೇಕು. ಅಮೆರಿಕದ ಅಮಾಂಡಾ ಕೋಕರ್ 2016ರ ಮೇಯಿಂದ 2017ರ ಮೇವರೆಗೆ ಒಂದು ವರ್ಷದಲ್ಲಿ 1,39,326 ಕಿ.ಮೀ. ತುಳಿದರು, ದಿನಕ್ಕೆ ಸರಾಸರಿ 380ಕ್ಕೂ ಮೇಲೆ. ಅದರಲ್ಲಿ ಬಹುಪಾಲು ಫ್ಲಾರಿಡಾದ ಟ್ಯಾಂಪಾ ಹತ್ತಿರದ ಒಂದು ಉದ್ಯಾನದಲ್ಲಿ, ಸುಮಾರು 11 ಕಿ.ಮೀ.ನ ಒಂದೇ ಸುತ್ತು, ಗಾಣದೆತ್ತಿನ ಹಾಗೆ. ಸಂಜೆ ಹೊತ್ತಿಗೆ ಅವರೂ ಹೊರಟಲ್ಲೇ ಇರುತ್ತಿದ್ದರು. ಆದರೂ ಅವರ ಚಕ್ರ ಪ್ರತಿ ಮೀಟರ್ ನೆಲವನ್ನೂ ಹಿಂದೆ ಹಾಕಿತ್ತು, ಪ್ರತಿ ಮೀಟರಿಗೂ ಗಾಳಿಯನ್ನು ಸೀಳಿತ್ತು. ವರ್ಷದ ದೂರದ ದಾಖಲೆಗೆ ಬೇಕಾದದ್ದು ಇಷ್ಟೇ. ಅವರಿಗಿಂತ ಹಿಂದೆ, 1939ರಲ್ಲಿ, ಇಂಗ್ಲೆಂಡಿನ ಟಾಮಿ ಗಾಡ್ವಿನ್ ಕಬ್ಬಿಣದಂಥ ಭಾರದ ಸೈಕಲ್ಲಿನಲ್ಲಿ 1,20,805 ಕಿ.ಮೀ. ಹೊಡೆದಿದ್ದರು. ವರ್ಷದ ಕೊನೆಯ ನಾಲ್ಕು ತಿಂಗಳು ಯುದ್ಧದ ಬ್ಲ್ಯಾಕ್‌ಔಟ್, ದೀಪಕ್ಕೆ ಮುಸುಕು ಹಾಕಿಕೊಂಡು ಕತ್ತಲಲ್ಲಿ ಸವಾರಿ. ಇಂಥವರ ಅಂಕಿಯ ಪಕ್ಕದಲ್ಲಿ ಇಟ್ಟಾಗಲೇ ಕಿಲೋಮೀಟರ್ ಅಂದರೆ ಏನು ಅಂತ ಅರ್ಥವಾಗುವುದು.

ಈಗ ನಿಮ್ಮ ಅಂಕಿಗಳಿಗೆ ಬರೋಣ. ನೀವು ಮೂರು ಸರಾಸರಿ ಬರೆದಿದ್ದೀರಿ: 21, 27, 31. ಕಾಲು ಅದೇ, ಉಸಿರು ಅದೇ, ವರ್ಷವೂ ಅದೇ. ಮೂರು ವೇಗ ಹೇಗೆ ಬಂತು? ನಿಮ್ಮ ಪ್ರಶ್ನೆಯ ಉತ್ತರ ಇದರಲ್ಲೇ ಇದೆ.

ರಸ್ತೆಯ 21ರಿಂದ ಶುರು ಮಾಡುತ್ತೇನೆ. ಜಿಪಿಎಸ್ ಇರಲಿ, ಚಕ್ರದ ಸೆನ್ಸರ್ ಇರಲಿ, ಎರಡರಲ್ಲೂ ತಪ್ಪು ಇದ್ದೇ ಇರುತ್ತದೆ. ನನ್ನದೇ ಕಥೆ ಕೇಳಿ. ಒಂದು ವರ್ಷ 28 ಮಿಲಿಮೀಟರ್ ಅಗಲದ ಟೈರ್ ತೆಗೆದು 25ರದ್ದು ಹಾಕಿದೆ, ಸೈಕಲ್ಲಿನ ಮೀಟರಿನಲ್ಲಿ ಚಕ್ರದ ಸುತ್ತಳತೆ ಬದಲಿಸುವುದನ್ನು ಮರೆತೆ. 2,105 ಮಿಲಿಮೀಟರ್ ಇರಬೇಕಾದಲ್ಲಿ 2,136 ಇತ್ತು. ಚಕ್ರ ಒಂದು ಸುತ್ತು ಬಂದಾಗಲೆಲ್ಲ ನನಗೆ ಮೂರು ಸೆಂಟಿಮೀಟರ್ ಪುಕ್ಕಟೆ. 6,000 ಕಿ.ಮೀ.ಗೆ ಸುಮಾರು 87 ಕಿ.ಮೀ. ಹೆಚ್ಚು ಬರೆದುಕೊಂಡಿದ್ದೆ. ಗೊತ್ತಾದ ದಿನ ಹೆಮ್ಮೆಯೆಲ್ಲ ಇಳಿಯಿತು. ಆದರೆ ಗಮನಿಸಿ, ಆ ತಪ್ಪು ಎಷ್ಟೆಂದು ಹೇಳಲು ಸಾಧ್ಯವಾಯಿತು, ನೂರಕ್ಕೆ ಒಂದೂವರೆ. ಏಕೆಂದರೆ ನಾನು ನಿಜವಾಗಿ ಹೋದ ದೂರ ಅಂತ ಒಂದು ಇತ್ತು, ಮೀಟರನ್ನು ಅದರ ಪಕ್ಕ ಹಿಡಿದು ನೋಡಬಹುದಿತ್ತು. ಟ್ರೈನರಿನ 1,100ನ್ನು ಯಾವುದರ ಪಕ್ಕ ಹಿಡಿಯುತ್ತೀರಿ? ತಪ್ಪಾಗಬೇಕಾದರೂ ಒಂದು ನಿಜ ಬೇಕಲ್ಲ.

ಹಳೇ ಟ್ರೈನರಿನ ಆ 31ರಲ್ಲಿ ಮೋಸವಿಲ್ಲ, ನಿಮ್ಮ ಹಿಂದಿನ ಚಕ್ರ ಆ ವೇಗದಲ್ಲಿ ತಿರುಗಿದ್ದು ಖಂಡಿತ. ಆಯಸ್ಕಾಂತ ಸೆನ್ಸರ್ ಮುಂದೆ ಹಾದು ಹೋದಾಗಲೆಲ್ಲ ಒಂದು ಸುತ್ತು, ಅಷ್ಟೇ ಅದಕ್ಕೆ ಗೊತ್ತಿರುವುದು. ಆದರೆ ರಸ್ತೆಯಲ್ಲಿ ವೇಗಕ್ಕೆ ಕೊಡುವ ಬೆಲೆಯೇ ಬೇರೆ. ಗಾಳಿ ಬಲು ಜಿಪುಣ. ವೇಗ ಎರಡು ಪಟ್ಟಾದರೆ ಗಾಳಿಗೆಂದು ತೆರಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ನನ್ನಂಥ ಎಪ್ಪತ್ತು ಕೆ.ಜಿ. ಆಸಾಮಿ ಸಾಧಾರಣ ರೋಡ್ ಸೈಕಲ್ಲಿನಲ್ಲಿ, ಗಾಳಿಯಿಲ್ಲದ ಸಪಾಟು ರಸ್ತೆಯಲ್ಲಿ 25ರ ವೇಗಕ್ಕೆ ಸುಮಾರು 110 ವಾಟ್ ಹಾಕಬೇಕು, 30ಕ್ಕೆ ಸುಮಾರು 170, 35ಕ್ಕೆ 250ರ ಹತ್ತಿರ. ಆಯಸ್ಕಾಂತದ ಬ್ರೇಕಿರುವ ಟ್ರೈನರಿನಲ್ಲಿ ಈ ಏರಿಕೆ ಇಲ್ಲ. ಅಲ್ಲಿ ವೇಗ ಎರಡು ಪಟ್ಟಾದರೆ ಶ್ರಮ ಎಂಟು ಪಟ್ಟಿನ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ದೊಡ್ಡ ಗೇರ್ ಹಾಕಿಕೊಂಡರೆ ಅಗ್ಗದಲ್ಲಿ ವೇಗ ಸಿಗುತ್ತದೆ. ಬಿಗಿ ಹೆಚ್ಚು ಕಡಿಮೆ ಮಾಡಲು ಹ್ಯಾಂಡಲಿಗೆ ಕಟ್ಟಿದ ಸನ್ನೆಯನ್ನು (ಲಿವರ್) ಒಂದಕ್ಕಿಟ್ಟು ಹತ್ತು ನಿಮಿಷ, ಐದಕ್ಕಿಟ್ಟು ಹತ್ತು ನಿಮಿಷ, ಮಾತಾಡಲು ಆಗುವಷ್ಟೇ ಉಸಿರಿನಲ್ಲಿ ತುಳಿದು ನೋಡಿ. ಎರಡು ಬೇರೆ ದೂರ ಬರುತ್ತದೆ, ಎರಡಕ್ಕೂ ಬೆವರು ಒಂದೇ. ಹೀಗೆ ಸನ್ನೆಯ ಮೇಲೆ ಹಿಗ್ಗಿ ಕುಗ್ಗುವ ಅಳತೆಯನ್ನು ಹೇಗೆ ಕೂಡಿಸುವುದು? ಸಂತೆಯಲ್ಲಿ ಅಂಗಡಿಯವನು ಸೇರಿನ ತಳ ಒತ್ತಿದ್ದರೆ ಸುಮ್ಮನಿರುತ್ತೀರಾ?

ಸ್ಮಾರ್ಟ್ ಟ್ರೈನರ್ ಇದಕ್ಕಿಂತ ಪ್ರಾಮಾಣಿಕ. ಅದಕ್ಕೆ ಚಕ್ರವೇ ಇಲ್ಲ, ಆದ್ದರಿಂದ ದೂರ ಅಳೆಯುವ ಸೋಗೂ ಹಾಕುವುದಿಲ್ಲ. ಅದು ಅಳೆಯುವುದು ನಿಮ್ಮ ಕಾಲಿನ ಶಕ್ತಿಯನ್ನು, ಒಳ್ಳೆಯ ಯಂತ್ರವಾದರೆ ನೂರಕ್ಕೆ ಒಂದೆರಡರಷ್ಟು ತಪ್ಪಿನೊಳಗೆ. ಆಮೇಲೆ ಪರದೆಯ ಮೇಲೆ ರಸ್ತೆ ಮೂಡಿಸಿ ತುಳಿಸುವ ಝ್ವಿಫ್ಟ್‌ನಂಥ ಆಪ್ ನಿಮ್ಮ ತೂಕ, ಎತ್ತರ, ಪರದೆಯ ಮೇಲಿನ ಏರು ಇಳಿತ ಎಲ್ಲ ನೋಡಿ, ಇಷ್ಟು ವಾಟ್‌ಗೆ ಈ ಹೆಂಗಸು ಇಷ್ಟು ವೇಗದಲ್ಲಿ ಹೋಗುತ್ತಿದ್ದಳು ಎಂದು ಲೆಕ್ಕ ಹಾಕುತ್ತದೆ. ಅದು ಒಂದು ಊಹೆ, ಬಲು ಜಾಣತನದ ಊಹೆ. ನಿಮ್ಮ 112 ವಾಟ್‌ಗೆ ಸಪಾಟು ರಸ್ತೆಯಲ್ಲಿ 26ರ ಆಸುಪಾಸು ಬರಬೇಕು. ಆಪ್ 27 ಕೊಟ್ಟಿದೆ, ಮುಂದಿನವರ ಬೆನ್ನಿಗೆ ಅಂಟಿಕೊಂಡರೆ ಸಿಗುವ ಗಾಳಿಮರೆಯನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾದರೆ ರಸ್ತೆಯ 21 ಯಾಕೆ? ಪರದೆಯೊಳಗಿನ ರಸ್ತೆಗೆ ಹಂಪ್ ಇಲ್ಲ, ಸಿಗ್ನಲ್ ಇಲ್ಲ, ಎದುರುಗಾಳಿ ಇಲ್ಲ, ನಡುರಸ್ತೆಯಲ್ಲಿ ಮೆಲುಕು ಹಾಕುವ ದನ ಇಲ್ಲ, ಅಡಕೆ ಲೋಡಿನ ಲಾರಿಗೆ ಜಾಗ ಬಿಟ್ಟು ಮಣ್ಣಿಗಿಳಿಯುವ ಕೆಲಸ ಇಲ್ಲ. ಅದರ ಜೊತೆಗೆ, ತೂಕದ ಖಾನೆಯಲ್ಲಿ 62ರ ಬದಲು 56 ಅಂತ ತುಂಬಿದರೆ ಏರಿನಲ್ಲಿ ವೇಗ ತಾನಾಗಿ ಹೆಚ್ಚುತ್ತದೆ. ಪರದೆಯ ರೇಸಿನವರು ಇದನ್ನು ಮದ್ದು ತಿಂದು ಓಡುವುದಕ್ಕೆ ಹೋಲಿಸಿ ತಮಾಷೆ ಮಾಡುತ್ತಾರೆ. ಕೀಬೋರ್ಡಿನಲ್ಲಿ ಆರು ಕೆ.ಜಿ. ಇಳಿಸಬಹುದಾದ ಜಾಗದ ಕಿಲೋಮೀಟರನ್ನು ನಾನು ರಸ್ತೆಯ ಕಿಲೋಮೀಟರಿನ ಪಂಕ್ತಿಯಲ್ಲಿ ಕೂರಿಸಲಾರೆ.

ಇಷ್ಟು ಹೇಳಿದ ಮೇಲೆ ನಿಮ್ಮ ಗೆಳೆಯರು ಗೆದ್ದೆವೆಂದು ಬೀಗುವುದು ಬೇಡ. ಟ್ರೈನರನ್ನು ಅಸಡ್ಡೆ ಮಾಡುವವರಲ್ಲಿ ಹೆಚ್ಚಿನವರು ಅದರ ಮೇಲೆ ಮುಕ್ಕಾಲು ಗಂಟೆ ಕೂತವರಲ್ಲ. ರಸ್ತೆಯಲ್ಲಿ ಇಳಿಜಾರು ಬಂದಾಗ ಕಾಲು ನಿಲ್ಲುತ್ತದೆ, ಸಿಗ್ನಲ್‌ನಲ್ಲಿ ನಿಲ್ಲುತ್ತದೆ, ಗುಂಪಿನ ಹಿಂದೆ ಸೇರಿಕೊಂಡರೆ ಅರ್ಧ ನಿಲ್ಲುತ್ತದೆ. ಟ್ರೈನರಿನ ಒಂದು ಗಂಟೆ ಅಂದರೆ ಹೆಚ್ಚುಕಮ್ಮಿ ಒಂದು ಗಂಟೆಯೂ ತುಳಿತವೇ. ಮೈಗೆ ಗಾಳಿ ತಾಗದೆ ಬಿಸಿಯೇರುತ್ತದೆ, ಫ್ಯಾನ್ ಇಲ್ಲದಿದ್ದರೆ ಇಪ್ಪತ್ತು ನಿಮಿಷಕ್ಕೆ ನೆಲದ ಮೇಲೆ ಬೆವರಿನ ಕೆರೆ. ಆಟದ ಸಂಸ್ಥೆಗಳೂ ಇದನ್ನು ಕಡೆಗಣಿಸಿಲ್ಲ. ಸೈಕ್ಲಿಂಗ್‌ನ ವಿಶ್ವ ಸಂಸ್ಥೆ ಯುಸಿಐ 2020ರ ಡಿಸೆಂಬರ್‌ನಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ಪನ್ನು ಝ್ವಿಫ್ಟ್ ಮೇಲೆಯೇ ನಡೆಸಿತು. ಗಂಡಸರಲ್ಲಿ ಗೆದ್ದದ್ದು ಜರ್ಮನಿಯ ಜೇಸನ್ ಆಸ್ಬೋರ್ನ್, ಮೂಲತಃ ದೋಣಿ ಹುಟ್ಟು ಹಾಕುವ ಆಟಗಾರ. ಹೆಂಗಸರಲ್ಲಿ ದಕ್ಷಿಣ ಆಫ್ರಿಕಾದ ಆಶ್ಲೀ ಮೂಲ್ಮನ್-ಪಾಸಿಯೊ. ಡಿಸೆಂಬರ್ 24ರಿಂದ 31ರೊಳಗೆ 500 ಕಿ.ಮೀ. ತುಳಿಯುವ, ಸೈಕಲ್ ಉಡುಪಿನ ಕಂಪನಿ ರಾಫಾದ ಫೆಸ್ಟಿವ್ 500 ಸವಾಲಿನವರು ವರ್ಷಗಟ್ಟಲೆ ರಸ್ತೆಯದ್ದು ಮಾತ್ರ ಎನ್ನುತ್ತಿದ್ದರು, ಕೋವಿಡ್ ಬಂದ 2020ರಲ್ಲಿ ಮೊದಲ ಬಾರಿಗೆ ಮನೆಯೊಳಗಿನದ್ದನ್ನೂ ಒಪ್ಪಿಕೊಂಡರು. ಬಾಗಿಲು ಹಾಕಿ ಕೂರಿ ಎಂದು ಸರ್ಕಾರಗಳೇ ಹೇಳಿದ ಮೇಲೆ ಇನ್ನೇನು ಮಾಡುತ್ತಾರೆ!

ಆದರೆ ಇದನ್ನು ಆಳವಾಗಿ ಯೋಚಿಸಿದವರು ಮಾಡಿದ್ದು ಬೇರೆ ಖಾತೆ ತೆರೆಯುವ ಕೆಲಸ. ಒಂದೇ ಏರನ್ನು ಮತ್ತೆ ಮತ್ತೆ ಹತ್ತಿ 8,848 ಮೀಟರ್ ಎತ್ತರ ಕೂಡಿಸುವ ಎವರೆಸ್ಟಿಂಗ್ ಸಾಹಸದಲ್ಲಿ ಟ್ರೈನರ್ ಮೇಲೆ ಮಾಡಿದವರಿಗೆ ಬೇರೆ ಹೆಸರು, ಬೇರೆ ಪಟ್ಟಿ. ಹುಟ್ಟು ಹಾಕುವ ವ್ಯಾಯಾಮ ಯಂತ್ರಗಳ ಕಾನ್ಸೆಪ್ಟ್ ಟೂ ಕಂಪನಿಯ ಲಾಗ್‌ಬುಕ್ ನನಗೆ ಇನ್ನೂ ಇಷ್ಟ. ಅವರ ಸೈಕಲ್ ಯಂತ್ರದ ಮೀಟರುಗಳನ್ನು ಒಟ್ಟು ಮೊತ್ತಕ್ಕೆ ಸೇರಿಸುವಾಗ ಅರ್ಧಕ್ಕೆ ಇಳಿಸುತ್ತಾರೆ. ಒಂದೇ ಶ್ರಮಕ್ಕೆ ಸೈಕಲ್ಲಿನ ಮೀಟರುಗಳು ಬೇಗ ಓಡುತ್ತವೆ, ಹುಟ್ಟಿನವು ನಿಧಾನ. ಪಕ್ಕಪಕ್ಕ ಕೂಡಿಸಿದರೆ ದೋಣಿಯವರಿಗೆ ಅನ್ಯಾಯ ಎಂದು ಅವರಿಗೆ ಗೊತ್ತಿತ್ತು. ಸವಾರಿ ದಾಖಲಿಸುವ ಸ್ಟ್ರಾವಾ ಆಪಿನಲ್ಲೂ ವರ್ಚುವಲ್ ರೈಡ್ ಎಂಬುದು ಬೇರೆಯೇ ಒಂದು ಬಗೆ. ದಯವಿಟ್ಟು ಅದನ್ನೇ ಆರಿಸಿ, ಸುಮ್ಮನೆ ರೈಡ್ ಎಂದು ಹಾಕಬೇಡಿ.

ಇನ್ನೊಂದು ಲೆಕ್ಕ ಇದೆ, ಅದನ್ನು ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳುತ್ತೇನೆ: ಸೈಕಲ್ಲಿನ ಲೆಕ್ಕ. ಚೈನಿಗೆ ರಸ್ತೆ, ಮನೆ ಎಂಬ ಭೇದ ಇಲ್ಲ. ಟ್ರೈನರ್ ಮೇಲೆ ತುಳಿದದ್ದೂ ಅದಕ್ಕೆ ಸವೆತವೇ, ಧೂಳು ಮಣ್ಣು ಇಲ್ಲದ ಕಾರಣ ಸ್ವಲ್ಪ ನಿಧಾನ ಅಷ್ಟೇ. ಆದ್ದರಿಂದ ಚೈನ್ ಬದಲಿಸುವ ಖಾತೆಗೆ ಒಳಗಿನದ್ದನ್ನೂ ಬರೆಯಿರಿ. ಟೈರಿನ ಖಾತೆಗೆ ಸ್ಮಾರ್ಟ್ ಟ್ರೈನರಿನದ್ದು ಬೇಡ, ಚಕ್ರ ಮೂಲೆಯಲ್ಲಿ ಒರಗಿತ್ತಲ್ಲ. ಆದರೆ ಹಳೇ ಟ್ರೈನರಿನದ್ದು ಬೇಕೇ ಬೇಕು. ಉರುಳೆಯ ಒತ್ತಡಕ್ಕೆ, ಬಿಸಿಗೆ ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ ಸವೆಯುತ್ತದೆ. ನಿಮ್ಮದನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ, ಮಟ್ಟಸವಾಗಿದ್ದರೆ ಮುಂದಿನ ಮಳೆಗೆ ಮೊದಲು ಬದಲಿಸಿ. ಎಲ್ಲಕ್ಕಿಂತ ಕೆಟ್ಟದ್ದು ಬೆವರು. ಹ್ಯಾಂಡಲಿನ ಬೋಲ್ಟುಗಳಿಗೆ, ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಕೀಲು) ಬೇರಿಂಗಿಗೆ ಉಪ್ಪುನೀರು ಇಳಿದು ತುಕ್ಕು ಹಿಡಿಯುತ್ತದೆ. ಹ್ಯಾಂಡಲ್ ಮೇಲೆ ಒಂದು ಹಳೇ ಟವೆಲ್ ಹಾಸಿಕೊಳ್ಳಿ. ಐದು ತಿಂಗಳು ಮನೆಯೊಳಗೇ ಇದ್ದ ಸೈಕಲ್ಲಿನ ಹೆಡ್‌ಸೆಟ್ ಬಿಚ್ಚಿ ಬೆಚ್ಚಿ ಬಿದ್ದಿದ್ದೇನೆ.

ಈಗ ನಿಮ್ಮ 6,000. ಕೂಡಿಸಬೇಕಾದದ್ದು ಕಿಲೋಮೀಟರನ್ನಲ್ಲ, ಗಂಟೆಯನ್ನು. ಗಂಟೆ ಎಲ್ಲಿ ತುಳಿದರೂ ಗಂಟೆಯೇ, ಅದಕ್ಕೆ ಸನ್ನೆಯೂ ಇಲ್ಲ, ತೂಕದ ಖಾನೆಯೂ ಇಲ್ಲ. 1,100 ಕಿ.ಮೀ.ನ್ನು 31ರಿಂದ ಭಾಗಿಸಿದರೆ ಮೂವತ್ತೈದೂವರೆ ಗಂಟೆ. 820ನ್ನು 27ರಿಂದ ಭಾಗಿಸಿದರೆ ಮೂವತ್ತು ಗಂಟೆಯ ಮೇಲೆ ಚೂರು. ಒಟ್ಟು 66 ಗಂಟೆ ನೀವು ಮಳೆಯ ಸದ್ದು ಕೇಳುತ್ತಾ ಗೋಡೆ ನೋಡಿಕೊಂಡು ತುಳಿದಿದ್ದೀರಿ. ರಸ್ತೆಯ 4,310ಕ್ಕೆ 205 ಗಂಟೆ. ವರ್ಷಕ್ಕೆ 271 ಗಂಟೆ ಸೈಕಲ್ ಮೇಲೆ! ಗುಂಪಿನಲ್ಲಿ ಹಾಕಬೇಕಾದ ಅಂಕಿ ಇದು, ಇದಕ್ಕೆ ಯಾವ ಮಿಕ್ಸಿಯ ಮಾತೂ ಅಂಟುವುದಿಲ್ಲ. ಸ್ಮಾರ್ಟ್ ಟ್ರೈನರಿನ ಪಾಲಿಗಾದರೆ ಕೆಲಸವನ್ನೂ ಬರೆಯಬಹುದು: 112 ವಾಟ್‌ನಲ್ಲಿ ಗಂಟೆಗೆ ಸುಮಾರು 400 ಕಿಲೋಜೂಲ್, ಒಟ್ಟು 12,000ಕ್ಕೂ ಮೇಲೆ. ಮೈ ಸುಡುವ ಕ್ಯಾಲೊರಿಯಲ್ಲಿ ಕಾಲುಭಾಗದಷ್ಟೇ ಪೆಡಲಿಗೆ ತಲುಪುವುದರಿಂದ, ಕಿಲೋಜೂಲ್ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಕಿಲೋಕ್ಯಾಲೊರಿ ಎಂದು ಹಿಡಿಯಬಹುದು.

ಇಲ್ಲ ಸರ್, ಕ್ಯಾಲೆಂಡರಿನಲ್ಲಿ ಬರೆದದ್ದು ಕಿಲೋಮೀಟರು, ಕಿಲೋಮೀಟರೇ ಬೇಕು ಅಂದರೆ, ನನ್ನ ಹತ್ತಿರ ತರಬೇತಿಗೆ ಬರುವವರಿಗೆ ಹೇಳುವ ನಿಯಮ ಒಂದಿದೆ. ಒಳಗಿನ ಒಂದು ಗಂಟೆಗೆ ನಿಮ್ಮದೇ ರಸ್ತೆಯ ಒಂದು ಗಂಟೆಯ ದೂರ, ಅದಕ್ಕಿಂತ ಒಂದು ಮೀಟರೂ ಹೆಚ್ಚಿಲ್ಲ. ಟ್ರೈನರಿನ ಗಂಟೆ ಗಟ್ಟಿ, ಅದಕ್ಕೆ ಕಾಲು ಭಾಗ ಸೇರಿಸಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿಡುವಿಲ್ಲದ ತುಳಿತ ಅಲ್ಲಿದ್ದರೆ, ಎದುರುಗಾಳಿ, ಬಿಸಿಲು, ಹಳ್ಳ ತಪ್ಪಿಸುವ ತೋಳಿನ ನೋವು ಇಲ್ಲಿದೆ, ಎರಡೂ ವಜಾ. ನಿಮ್ಮ ಲೆಕ್ಕ ಹೀಗಾಗುತ್ತದೆ: 66 ಗಂಟೆಗೆ 21ರಂತೆ 1,386. ರಸ್ತೆಯ 4,310 ಸೇರಿಸಿದರೆ 5,696. ಗುರಿಗೆ 304 ಕಡಿಮೆ. ಬೇಸರವಾಯಿತೇನೋ. ಆದರೆ ನಿಮ್ಮ 6,230ರಲ್ಲಿ 534 ಕಿ.ಮೀ. ಹಳೇ ಟ್ರೈನರಿನ ಸನ್ನೆ ಮತ್ತು ಹಂಪ್ ಇಲ್ಲದ ರಸ್ತೆ ಸೇರಿ ಕೊಟ್ಟ ಉಡುಗೊರೆ, ಅದು ನಿಮಗೂ ಒಳಗೊಳಗೆ ಅನ್ನಿಸಿರಬೇಕು. ಇಲ್ಲದಿದ್ದರೆ ಒಂದು ಮಿಕ್ಸಿಯ ಮಾತು ಅಷ್ಟು ಚುಚ್ಚುತ್ತಿರಲಿಲ್ಲ, ಪ್ರಶ್ನೆಯಲ್ಲಿ ಮೂರೂ ಸರಾಸರಿಗಳನ್ನು ಬಿಡಿಸಿ ಬರೆಯುತ್ತಲೂ ಇರಲಿಲ್ಲ.

ಈ ನಿಯಮ ಗೋಡೆಯ ಕ್ಯಾಲೆಂಡರಿಗೆ. ನಾಲ್ಕು ಜನರ ಮುಂದಿನ ಪಟ್ಟಿಗೆ, ಬಹುಮಾನ ಇರುವ ಪಟ್ಟಿಗೆ, ರಸ್ತೆಯದ್ದು ಮಾತ್ರ ಕೊಡಿ. ಮುಂದೆ ಎಂದಾದರೂ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಮಾಡುವ ಆಸೆ ಇದ್ದರೆ ಈಗಲೇ ಈ ಶಿಸ್ತು ಒಳ್ಳೆಯದು. 200 ಕಿ.ಮೀ.ನ ಬ್ರೆವೆಗೆ ಹದಿಮೂರೂವರೆ ಗಂಟೆ ಗಡುವು, ದಾರಿಯಲ್ಲಿ ಕಾರ್ಡಿಗೆ ಗುರುತು ಬೀಳಬೇಕು. ಟ್ರೈನರ್ ನಿಮ್ಮನ್ನು ಅದಕ್ಕೆ ತಯಾರು ಮಾಡುತ್ತದೆ, ಕಾರ್ಡಿಗೆ ಗುರುತು ಹಾಕುವುದಿಲ್ಲ. ಮತ್ತು ನಿಯಮ ಯಾವುದೇ ಇರಲಿ, ಜನವರಿ ಒಂದರಂದೇ ಕ್ಯಾಲೆಂಡರಿನಲ್ಲಿ ಗುರಿಯ ಪಕ್ಕ ಬರೆದುಬಿಡಿ. ಡಿಸೆಂಬರಿನಲ್ಲಿ ಬರೆದ ನಿಯಮ ಯಾವಾಗಲೂ ಬರೆದವರ ಕಡೆಗೇ ವಾಲುತ್ತದೆ, ನಾನು ಬರೆದರೂ ಅಷ್ಟೇ.

ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ ನೆನಪಾಗುತ್ತಾರೆ. ಸೂರ್ಯನ ಪಕ್ಕದಲ್ಲಿ ನಕ್ಷತ್ರದ ಬೆಳಕು ಬಾಗುವುದನ್ನು 1919ರ ಗ್ರಹಣದಲ್ಲಿ ಅಳೆದು ಐನ್‌ಸ್ಟೈನ್ ಮಾತನ್ನು ಪರೀಕ್ಷಿಸಿದವರು. ಅವರಿಗೆ ಸೈಕಲ್ ಹುಚ್ಚು. ಎಷ್ಟು ದಿನ ಕನಿಷ್ಠ ಅಷ್ಟೇ ಮೈಲಿ ತುಳಿದಿದ್ದೇನೆ ಎಂಬುದಕ್ಕೆ ಒಂದು ಸಂಖ್ಯೆ ಕಟ್ಟಿಕೊಂಡಿದ್ದರು: 75 ಎಂದರೆ 75 ದಿನ, ಪ್ರತಿ ದಿನವೂ 75 ಮೈಲಿಗೆ ಕಡಿಮೆಯಿಲ್ಲ. ನಮ್ಮ ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ಬರೆದ ಒಂದು ಪತ್ರದಲ್ಲಿ, ಈಸ್ಟರ್ ರಜೆಯಲ್ಲಿ ಎರಡು ಸಲ ಎಪ್ಪತ್ತನಾಲ್ಕು ಮುಕ್ಕಾಲು ಮೈಲಿ ಹೋಗಿ ಎರಡೂ ಲೆಕ್ಕಕ್ಕೆ ಬಾರದೆ ಹೋದವೆಂದು ಹಲುಬಿದ್ದಾರೆ. ಕಾಲು ಮೈಲಿ! ಮನೆಯ ಮುಂದೆ ಒಂದು ಸುತ್ತು ಹಾಕಿದ್ದರೆ ಆಗುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ, ಆದರೂ ಬರೆದುಕೊಳ್ಳಲಿಲ್ಲ. ತೀರಿಕೊಳ್ಳುವ ಹೊತ್ತಿಗೆ ಅವರ ಸಂಖ್ಯೆ 84.

ನಿಮಗೆ ಇನ್ನೂ ಮೂರು ವಾರ ಇದೆ, ಮಳೆಯೂ ಇಲ್ಲ. ತೀರ್ಥಹಳ್ಳಿ ರಸ್ತೆಯಲ್ಲಿ ಪಕ್ಷಿಧಾಮದ ಮಂಡಗದ್ದೆಗೆ ಹೋಗಿ ಬಂದರೆ ಸುಮಾರು 60 ಕಿ.ಮೀ. ಹಕ್ಕಿಗಳ ಕಾಲ ಮಳೆಗಾಲದಲ್ಲೇ ಮುಗಿದಿರುತ್ತದೆ, ಆದರೆ ತುಂಗೆಯ ಪಕ್ಕದ ಬೆಳಗಿನ ಮಂಜು ಸಿಗುತ್ತದೆ. ಐದು ಸಲ ಹೋದರೆ 300. ಉಳಿದ ನಾಲ್ಕು ಕಿಲೋಮೀಟರನ್ನು ತರಕಾರಿ ತರಲು ಹೋಗುವಾಗ ಮುಗಿಸಿಕೊಳ್ಳಿ. ಮಿಕ್ಸಿಯ ಮಾತಾಡಿದವರನ್ನೂ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ, ವಾಪಸು ಬರುವಾಗ ಎದುರುಗಾಳಿ ಇದ್ದರೆ ಅವರನ್ನೇ ಮುಂದೆ ಬಿಡಿ.